ಕ್ರಿಕೆಟ್ ಆಟಗಾರರ ವಿವರ ಹುಡುಕುವ ತಂತ್ರಾಂಶಗಳು: ಚಾಮರಾಜನಗರದ ಹೆಸರು ಎಲ್ಲಿ ಸಿಗುತ್ತದೆ?

ಕ್ರಿಕೆಟ್ ಆಟಗಾರನ ಹೆಸರನ್ನು ಟೈಪಿಸಿದೊಡನೆ ಅವನ ಜನ್ಮದಿನಾಂಕ, ಆಡಿದ ತಂಡಗಳು, ಗಳಿಸಿದ ರನ್ ಹಾಗೂ ಪಡೆದ ವಿಕೆಟ್‌ಗಳನ್ನು ತೆರೆಯ ಮೇಲೆ ತೋರಿಸುವ ತಂತ್ರಾಂಶಗಳು ಹಲವಾರಿವೆ. ಆದರೆ ಅವೆಲ್ಲವೂ ಒಂದೇ ಬಗೆಯವಲ್ಲ. ಭಾರತ ತಂಡದ ಆಟಗಾರನ ವಿವರ ದೊರೆಯುವ ಕಡೆ ಗುಂಡ್ಲುಪೇಟೆಯ ಕ್ಲಬ್ ಆಟಗಾರನ ಹೆಸರಿರುವುದಿಲ್ಲ. ಇವನ ಹೆಸರಿರುವ ಕಡೆ ಅಂಕಿಗಳಿಗೆ ಅದೇ ತೂಕವಿರುವುದಿಲ್ಲ. ಆಯ್ಕೆಯ ಆಸೆ ಹೊತ್ತ ಯುವ ಆಟಗಾರರೂ ಅವರ ಪೋಷಕರೂ ಈ ವ್ಯತ್ಯಾಸವನ್ನು ಅರಿತಿರುವುದು ಅಗತ್ಯ.

ಬೆಳೆದು ಬಂದ ಬಗೆ

ಈ ಕ್ಷೇತ್ರದ ಹಿರಿಯ ತಾಣ ಕ್ರಿಕ್‌ಇನ್ಫೊ. 1993ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಸೈಮನ್ ಕಿಂಗ್ ಇದನ್ನು ಆರಂಭಿಸಿದರು. ತವರಿನಿಂದ ದೂರವಿದ್ದ ವಿದ್ಯಾರ್ಥಿಗಳು ಪಂದ್ಯದ ಸ್ಕೋರನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದ ವ್ಯವಸ್ಥೆಯೇ ಕ್ರಮೇಣ ಬೃಹತ್ ಮಾಹಿತಿಕೋಶವಾಗಿ ಬೆಳೆಯಿತು. 2007ರಲ್ಲಿ ಇದು ಇಎಸ್‌ಪಿಎನ್ ಒಡೆತನಕ್ಕೆ ಸೇರಿತು. ಇದರೊಳಗಿನ 'ಸ್ಟ್ಯಾಟ್ಸ್‌ಗುರು' ಎಂಬ ಸಾಧನದಿಂದ ಅಂತರರಾಷ್ಟ್ರೀಯ ಪಂದ್ಯಗಳ ಅಂಕಿಗಳನ್ನು ವರ್ಷ, ಎದುರಾಳಿ, ಮೈದಾನ ಇತ್ಯಾದಿಯಾಗಿ ವಿಂಗಡಿಸಿ ಪಡೆಯಬಹುದು.

ಉದಾಹರಣೆಗೆ, ಮೈಸೂರಿನಲ್ಲಿ ಜನಿಸಿದ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. ಗಳಿಸಿದ ಒಟ್ಟು ರನ್ 167 ಮಾತ್ರ. ರನ್‌ಗಿಂತ ವಿಕೆಟ್ ಹೆಚ್ಚಿರುವ ಇಂತಹ ಆಟಗಾರರು ಇನ್ನು ಯಾರಿದ್ದಾರೆ ಎಂಬ ಕುತೂಹಲವನ್ನೂ ಈ ಸಾಧನ ತಣಿಸುತ್ತದೆ.

2004ರಲ್ಲಿ ಆರಂಭವಾದ ಕ್ರಿಕ್‌ಬಜ್ ಮುಖ್ಯವಾಗಿ ನೇರ ಸ್ಕೋರ್‌ಗೆ ಹೆಸರಾದರೂ ಆಟಗಾರರ ವಿವರವನ್ನೂ ನೀಡುತ್ತದೆ. ಕೆಳಹಂತದ ಪಂದ್ಯಗಳ ಹಳೆಯ ದಾಖಲೆ ಬೇಕಾದವರು ಕ್ರಿಕೆಟ್‌ಆರ್ಕೈವ್ ತಾಣವನ್ನು ನೋಡುತ್ತಾರೆ. ಅದಕ್ಕೆ ಚಂದಾ ತೆರಬೇಕು.

ತಾಲ್ಲೂಕು ಮೈದಾನದ ದಾಖಲೆ

1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಯು ಕ್ರಿಕೆಟ್ ಆಡಳಿತದಲ್ಲಿ ಇಂದಿಗೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈಸೂರು ವಲಯಕ್ಕೆ ಸೇರಿದೆ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿವೆ. ಇಲ್ಲಿನ ಹುಡುಗರು ಮೊದಲು ಆಡುವುದು ಊರಿನ ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲಿ. ಇವುಗಳ ಅಂಕಿಗಳು ಮೊದಲು ನೋಟ್‌ಬುಕ್ಕಿನಲ್ಲಿಯೇ ಉಳಿದು ಕಳೆದುಹೋಗುತ್ತಿದ್ದವು.

ಈ ಕೊರತೆಯನ್ನು ತುಂಬಿದ್ದು ಅಹಮದಾಬಾದ್ ಮೂಲದ ಕ್ರಿಕ್‌ಹೀರೋಸ್‌ನಂತಹ ಆ್ಯಪ್‌ಗಳು. ಪಂದ್ಯದ ಸ್ಕೋರರ್ ಪ್ರತಿ ಎಸೆತವನ್ನೂ ಮೊಬೈಲ್‌ನಲ್ಲಿ ದಾಖಲಿಸುತ್ತಾನೆ. ಆ ಅಂಕಿಗಳು ಆಯಾ ಆಟಗಾರನ ಪುಟಕ್ಕೆ ತಾವಾಗಿಯೇ ಸೇರುತ್ತವೆ. ಅಂದರೆ ಇಲ್ಲಿ ದಾಖಲೆಯ ನಿಖರತೆ ನಿಂತಿರುವುದು ಮೈದಾನದಂಚಿನಲ್ಲಿ ಕುಳಿತ ಸ್ಕೋರರ್‌ನ ಗಮನ ಹಾಗೂ ಪ್ರಾಮಾಣಿಕತೆಯ ಮೇಲೆ.

ಹೆಸರಿನ ತೊಡಕು

ಈ ತಂತ್ರಾಂಶಗಳಲ್ಲಿ ನಮ್ಮ ಭಾಗದವರಿಗೆ ಎದುರಾಗುವ ದೊಡ್ಡ ತೊಡಕು ಹೆಸರಿನದು. ಪಾಶ್ಚಾತ್ಯ ಪದ್ಧತಿಯಲ್ಲಿ ಕೊನೆಯ ಪದ ಕುಲನಾಮ. ನಮ್ಮಲ್ಲಿ ಮೊದಲ ಅಕ್ಷರಗಳು ಊರಿನ ಅಥವಾ ತಂದೆಯ ಹೆಸರನ್ನು ಸೂಚಿಸುತ್ತವೆ. ಜಾವಗಲ್ ಶ್ರೀನಾಥ್ ಅವರ ಹೆಸರಿನಲ್ಲಿರುವ ಜಾವಗಲ್ ಹಾಸನ ಜಿಲ್ಲೆಯ ಊರು. ಅವರು ಜನಿಸಿದ್ದು ಮೈಸೂರಿನಲ್ಲಿ. 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದ ಅವರನ್ನು ಹೇಗೆ ಹುಡುಕಿದರೂ ಸಿಗುತ್ತಾರೆ.

ಆದರೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಮಹದೇವಸ್ವಾಮಿ, ಮಾದೇಶ, ನಾಗರಾಜು ಎಂಬ ಹೆಸರುಗಳು ಊರಿಗೆ ಹತ್ತಾರು. ಇಂಗ್ಲಿಷ್‌ನಲ್ಲಿ 'ಸ್ವಾಮಿ'ಯನ್ನು ಕೂಡಿಸಿ ಬರೆದರೆ ಒಬ್ಬ, ಬಿಡಿಸಿ ಬರೆದರೆ ಮತ್ತೊಬ್ಬ ಎಂಬಂತೆ ಒಬ್ಬನೇ ಆಟಗಾರನ ಅಂಕಿಗಳು ಎರಡು ಪುಟಗಳಲ್ಲಿ ಹಂಚಿಹೋಗಬಹುದು. ಆ್ಯಪ್‌ಗಳು ಆಟಗಾರನನ್ನು ಮೊಬೈಲ್ ಸಂಖ್ಯೆಯಿಂದ ಗುರುತಿಸುವಾಗ ಸಂಖ್ಯೆ ಬದಲಾದರೂ ಇದೇ ಅಪಾಯವುಂಟು. ಆದ್ದರಿಂದ ಮೊದಲ ಪಂದ್ಯದಿಂದಲೇ ಶಾಲಾ ದಾಖಲೆಯಲ್ಲಿರುವ ಹೆಸರು, ಇನಿಷಿಯಲ್ ಹಾಗೂ ಒಂದೇ ಸಂಖ್ಯೆಯನ್ನು ಬಳಸುವುದು ಲೇಸು. ಚಿಕ್ಕ ವಯಸ್ಸಿನವರಾದರೆ ಪೋಷಕರ ಸಂಖ್ಯೆಯನ್ನು ನೀಡುವುದು ಒಳ್ಳೆಯದು.

ಅಂಕಿಗಳನ್ನು ಓದುವ ಬಗೆ

ಬ್ಯಾಟಿಂಗ್ ಸರಾಸರಿ ಎಂದರೆ ಒಟ್ಟು ರನ್ನನ್ನು ಔಟಾದ ಸಂಖ್ಯೆಯಿಂದ ಭಾಗಿಸಿದ ಫಲ. 10 ಇನಿಂಗ್ಸ್‌ಗಳಲ್ಲಿ 4 ಬಾರಿ ಅಜೇಯನಾಗಿ ಉಳಿದು 240 ರನ್ ಗಳಿಸಿದವನ ಸರಾಸರಿ 40. ಆದರೆ ಪ್ರತಿ ಇನಿಂಗ್ಸ್‌ಗೆ ಅವನು ಗಳಿಸಿದ್ದು 24 ಮಾತ್ರ. ಸ್ಟ್ರೈಕ್ ರೇಟ್ ಎಂಬುದು 100 ಎಸೆತಗಳಿಗೆ ಗಳಿಸಿದ ರನ್.

ಇದರ ಜೊತೆಗೆ ಗಮನಿಸಬೇಕಾದ ಅಂಶಗಳು ಮೂರು: ಚೆಂಡು ಟೆನಿಸ್ಸೋ ಲೆದರೋ, ಪಂದ್ಯ ಎಷ್ಟು ಓವರುಗಳದು, ಎದುರಾಳಿ ಯಾರು. 8 ಓವರುಗಳ ಟೆನಿಸ್ ಬಾಲ್ ಪಂದ್ಯದ 50 ರನ್‌ಗೂ ವಲಯ ಲೀಗ್‌ನಲ್ಲಿ ಲೆದರ್ ಚೆಂಡಿನೆದುರು ಗಳಿಸಿದ 50 ರನ್‌ಗೂ ಹೋಲಿಕೆಯಿಲ್ಲ. ಪ್ರಥಮ ದರ್ಜೆ, ಲಿಸ್ಟ್ ಎ ಎಂಬ ಅಂಕಣಗಳಲ್ಲಿ ಸೇರುವುದು ಮಾನ್ಯತೆ ಪಡೆದ ಪಂದ್ಯಗಳ ಅಂಕಿಗಳು ಮಾತ್ರ. ರಣಜಿ ಪಂದ್ಯ ಪ್ರಥಮ ದರ್ಜೆಗೂ ವಿಜಯ್ ಹಜಾರೆ ಟ್ರೋಫಿಯ ಏಕದಿನ ಪಂದ್ಯ ಲಿಸ್ಟ್ ಎಗೂ ಸೇರುತ್ತವೆ.

ಆಯ್ಕೆಗೆ ಎಷ್ಟು ಉಪಯೋಗ?

ಆ್ಯಪ್‌ನ ಪುಟ ರಾಜ್ಯ ಸಂಸ್ಥೆಯ ನೋಂದಣಿಗಾಗಲಿ, ವಯಸ್ಸಿನ ದಾಖಲೆಗಾಗಲಿ ಬದಲಿಯಲ್ಲ. ಆಟಗಾರ ಯಾವ ಯಾವ ಪಂದ್ಯ ಆಡಿದ್ದಾನೆಂಬುದಕ್ಕೆ ಅದು ಸುಳಿವು ನೀಡಬಲ್ಲದು, ಪ್ರಮಾಣಪತ್ರವಾಗಲಾರದು. ಹಣ ಕೇಳಿ 'ಪ್ರೊಫೈಲ್ ಏರಿಸಿ ಆಯ್ಕೆ ಮಾಡಿಸುತ್ತೇವೆ' ಎನ್ನುವವರನ್ನು ನಂಬಲಾಗದು.

ಊರಿನ ಪಂದ್ಯಾವಳಿಯ ಸಂಘಟಕರು ಮೊಬೈಲ್ ದಾಖಲೆಯ ಜೊತೆಗೆ ಕಾಗದದ ಸ್ಕೋರ್ ಪುಸ್ತಕವನ್ನೂ ಇರಿಸಿ, ಎರಡೂ ತಂಡದವರಿಂದ ಸಹಿ ಪಡೆಯುವುದು ಉತ್ತಮ. ಮುಂದೆ ಹೆಸರಿನಲ್ಲೋ ಅಂಕಿಯಲ್ಲೋ ತಪ್ಪು ಕಂಡರೆ ಹೋಲಿಸಿ ತಿದ್ದಿಸಲು ಆ ಪುಸ್ತಕವೇ ಆಧಾರವಾಗುತ್ತದೆ.