ಉಪಾಸ ಮತ್ತು ಬರಿಹೊಟ್ಟೆ: ಜತ್ತ ತಾಲ್ಲೂಕಿನಲ್ಲಿ ಮಧುಮೇಹದ ರೋಗನಿದಾನ

ಮಧುಮೇಹದ ಹಳೆಯ ಹೆಸರುಗಳೆಲ್ಲ ಮೂತ್ರವನ್ನು ನೋಡಿ ಇಟ್ಟಂಥವು. ಆಯುರ್ವೇದವು ಇದನ್ನು ಇಪ್ಪತ್ತು ಬಗೆಯ ಪ್ರಮೇಹಗಳಲ್ಲಿ ಎಣಿಸುತ್ತದೆ. ಚರಕಸಂಹಿತೆಯು ಮೂತ್ರಕ್ಕೆ ಇರುವೆ ಮುತ್ತುವುದನ್ನೂ ಗುರುತಿಸಿದೆ. ಕನ್ನಡದ ‘ಸಿಹಿಮೂತ್ರ ರೋಗ’ ಅದೇ ಜಾಡಿನದು. ಹೆಸರು ಸೊಗಸಾಗಿದೆ, ಆದರೆ ತಡವಾಗಿ ಎಚ್ಚರಿಸುತ್ತದೆ. ರಕ್ತದ ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವವರೆಗೂ ಮೂತ್ರಪಿಂಡ ಸಕ್ಕರೆಯನ್ನು ಮರಳಿ ಹೀರಿಕೊಳ್ಳುತ್ತದೆ. ದಾಟಿದ ಮೇಲೆ ಸಕ್ಕರೆ ಮೂತ್ರಕ್ಕಿಳಿದು ತನ್ನೊಡನೆ ನೀರನ್ನೂ ಎಳೆಯುತ್ತದೆ. ಪದೇಪದೇ ಮೂತ್ರ, ತಣಿಯದ ನೀರಡಿಕೆ, ಇಳಿಯುವ ತೂಕ ಎಲ್ಲಕ್ಕೂ ಮೂಲ ಇದೇ. ಬರಿಹೊಟ್ಟೆಯ ಗ್ಲೂಕೋಸ್ 126 ಮುಟ್ಟಿದರೇ ಅದು ಮಧುಮೇಹ. ಹೀಗಾಗಿ ಲಕ್ಷಣ ಕಾಣುವ ಮುಂಚೆಯೇ ರೋಗ ವರ್ಷಗಟ್ಟಲೆ ಒಳಗಿರಬಹುದು.

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಕರ್ನಾಟಕದ ವಿಜಯಪುರ ಜಿಲ್ಲೆಗೆ ಹೊಂದಿಕೊಂಡಿರುವ ಜತ್ತ ತಾಲ್ಲೂಕಿನಲ್ಲಿ ಲಕ್ಷಣ ಕಂಡರೂ ಅದು ಲಕ್ಷಣವೆನಿಸುವುದು ಕಷ್ಟ. ಇದು ಮಳೆನೆರಳಿನ ಸೀಮೆ. ನೀರಿನ ಕೊರತೆಯ ಮಾತಿಗೇ 2022ರಲ್ಲಿ ಎರಡೂ ರಾಜ್ಯಗಳಲ್ಲಿ ಸುದ್ದಿಯಾದ ಊರುಗಳಿವು. ಉಮದಿ, ಸಂಖದಂಥ ಕಡೆ ಬೇಸಿಗೆಯಲ್ಲಿ ಹೊಲದಿಂದ ಬಂದವನು ಒಂದು ತಂಬಿಗೆ ನೀರು ಹೆಚ್ಚು ಕುಡಿದರೆ ಯಾರು ತಿರುಗಿ ನೋಡುತ್ತಾರೆ? ದಣಿವಿಗೆ ದುಡಿಮೆಯ ನೆಪವಿದೆ, ಮಂಜಾದ ಕಣ್ಣಿಗೆ ವಯಸ್ಸಿನದು, ಮಾಯದ ಕಾಲಿನ ಗಾಯಕ್ಕೆ ಮುಳ್ಳಿನದು. ‘ಸಕ್ರಿ ಬ್ಯಾನಿ ಕುಂತು ಉಣ್ಣುವವರಿಗೆ’ ಎಂಬ ನಂಬಿಕೆ ಬೇರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ, 2023ರಲ್ಲಿ ಪ್ರಕಟವಾದದ್ದು, ದೇಶದ ಹಳ್ಳಿಗಳಲ್ಲೂ ವಯಸ್ಕರಲ್ಲಿ ಶೇ. 8.9 ಮಂದಿಗೆ ಮಧುಮೇಹ ಇದೆಯೆಂದಿದೆ. ತೆಳ್ಳಗಿನವರಿಗೆ ಭಯವಿಲ್ಲವೆನ್ನುವಂತಿಲ್ಲ: ಪುಣೆ ಸಮೀಪದ ಹಳ್ಳಿಗಳಲ್ಲಿ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಸಂಗಡಿಗರು ಅಳೆದ ಶಿಶುಗಳು ಸರಾಸರಿ 2.7 ಕಿಲೋ ತೂಗಿದರೂ ಆ ಪುಟ್ಟ ಮೈಯಲ್ಲಿ ಸ್ನಾಯು ಕಡಿಮೆಯಿದ್ದು, ಮುಂದೆ ಮಧುಮೇಹಕ್ಕೆ ದಾರಿ ಮಾಡಬಲ್ಲ ಕೊಬ್ಬು ಉಳಿದುಕೊಂಡಿತ್ತು.

ಆದ್ದರಿಂದ ಇಲ್ಲಿ ರಕ್ತಪರೀಕ್ಷೆಯೇ ಗತಿ. ತೊಡಕು ಅಲ್ಲಿಯೂ ಇದೆ, ಅದು ಭಾಷೆಯದು. ಇಂಗ್ಲಿಷಿನ ‘ಫಾಸ್ಟಿಂಗ್’ ಕನ್ನಡದಲ್ಲಿ ‘ಉಪವಾಸ’ವಾಗುತ್ತದೆ. ಈ ಸೀಮೆಯ ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಉಪಾಸವೆಂದರೆ ಹೊಟ್ಟೆ ಖಾಲಿ ಇಡುವುದಲ್ಲ. ಏಕಾದಶಿಯ ಉಪಾಸಕ್ಕೆ ರೊಟ್ಟಿ-ಪಲ್ಯ ವರ್ಜ್ಯ, ಫರಾಳ ಅಲ್ಲ. ಸಾಬುದಾಣಿ ಖಿಚಡಿ, ಅದರ ಮೇಲೆ ಶೇಂಗಾ ಪುಡಿ, ಬಾಳೆಹಣ್ಣು, ಮತ್ತೆ ಸಕ್ಕರೆ ಹಾಕಿದ ಚಹಾ! ಸಾಬುದಾಣಿ ಬಹುಪಾಲು ಬರೀ ಪಿಷ್ಟ; ರಕ್ತದಲ್ಲಿ ಬೇಗ ಸಕ್ಕರೆಯಾಗುತ್ತದೆ. ‘ನಾಳಿ ಉಪಾಸ ಬರ್ರಿ’ ಎಂದು ಕೇಳಿದವರು ಶ್ರದ್ಧೆಯಿಂದ ಉಪಾಸ ಮಾಡಿಯೇ ಬಂದರೆ ತಪ್ಪು ಯಾರದು? ಮರಾಠಿಯ ‘ಉಪಾಶಿ ಪೋಟಿ’ ಹೊಟ್ಟೆಯನ್ನು ಹೆಸರಿಸುವುದರಿಂದ ಸ್ವಲ್ಪ ವಾಸಿ. ನನ್ನ ಮಟ್ಟಿಗೆ ಕನ್ನಡದಲ್ಲಿ ಹೇಳಬೇಕಾದ ಮಾತು ಇಷ್ಟು: ‘ರಾತ್ರಿ ಉಂಡ ಮ್ಯಾಲ ಎಂಟ್ ತಾಸು ಏನೂ ತಿನಬ್ಯಾಡ್ರಿ, ಚಹಾನೂ ಬ್ಯಾಡ. ನೀರು ಕುಡೀಬಹುದು.’

ಬರಿಹೊಟ್ಟೆಯಲ್ಲಿ 100ಕ್ಕಿಂತ ಕೆಳಗಿದ್ದರೆ ಸಹಜ. 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ತೆಗೆದ ರಕ್ತದಲ್ಲಿ 200 ಅಥವಾ ಹೆಚ್ಚಿದ್ದರೆ ಮಧುಮೇಹ, 140ರಿಂದ 199 ಅದರ ಹೊಸ್ತಿಲು. ಲಕ್ಷಣ ಇಲ್ಲದವರಲ್ಲಿ ಒಂದೇ ಫಲಿತಾಂಶಕ್ಕೆ ರೋಗದ ಮುದ್ರೆ ಒತ್ತಬಾರದು, ಇನ್ನೊಂದು ಬೇಕು. ಬೆರಳು ಚುಚ್ಚುವ ಯಂತ್ರದ ಅಂಕಿ ಸಂಶಯ ಹುಟ್ಟಿಸಲು ಸಾಕು, ತೀರ್ಪಿಗಲ್ಲ.

ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಬರಿಹೊಟ್ಟೆ ಬೇಕಿಲ್ಲ, ಶೇ. 6.5 ಅದರ ಗೆರೆ. ಉಪಾಸದ ಗೊಂದಲವೇ ಇಲ್ಲವಲ್ಲ ಎಂದು ಹಿಗ್ಗುವಷ್ಟರಲ್ಲಿ ಇನ್ನೊಂದು ಎಡರು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಈ ಅಂಕಿ ಸುಳ್ಳಾಗಿ ಏರಬಹುದು, ಆ ಕೊರತೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಮಾಮೂಲು. ಅದೇ ರಕ್ತದಲ್ಲಿ ಹಿಮೋಗ್ಲೋಬಿನ್ನನ್ನೂ ನೋಡಿದ ಮೇಲೆಯೇ ಎಚ್‌ಬಿಎ1ಸಿ ಓದುವುದು ಲೇಸು.