ಮುರುಗಲು ಪಾನಕ

ಮುರುಗಲು ಹಣ್ಣಿನ ಸಿಪ್ಪೆಯಿಂದ ತಯಾರಿಸುವ ಕಡುಗೆಂಪಿನ ಹುಳಿಸಿಹಿ ಪಾನೀಯ. ಪಶ್ಚಿಮ ಘಟ್ಟದ ನಿತ್ಯಹಸಿರು ಮರವಾದ ಮುರುಗಲನ್ನು (ಗಾರ್ಸೀನಿಯ ಇಂಡಿಕ) ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಪುನರ್ಪುಳಿ ಎನ್ನುತ್ತಾರೆ. ಮರಾಠಿಯಲ್ಲಿ ಇದು ಕೋಕಂ. ಹೊನ್ನಾಳಿ, ನ್ಯಾಮತಿ ಕಡೆಯ ಬಯಲಲ್ಲಿ ತಾನಾಗಿ ಬೆಳೆಯದ ಈ ಮರ ಪಶ್ಚಿಮಕ್ಕೆ ಸಾಗರ, ಸಿರಸಿಗಳ ಕಾಡು, ಬೆಟ್ಟಗಳಲ್ಲಿ ಸಿಗುತ್ತದೆ.

ಹಣ್ಣು ಮಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಬೀಜ ತೆಗೆದ ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಕೆಲವು ದಿನ ಬಿಸಿಲಿಗಿಟ್ಟರೆ ಸಕ್ಕರೆಯೇ ರಸವನ್ನೆಳೆದು ಪಾಕವಾಗುತ್ತದೆ. ಅದಕ್ಕೆ ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆಪುಡಿ ಬೆರೆಸಿದರೆ ಪಾನಕ ಸಿದ್ಧ. ಹುಳಿ ತೀಕ್ಷ್ಣವಾದ್ದರಿಂದ ಅಲ್ಯೂಮಿನಿಯಂ ಪಾತ್ರೆ ಸಲ್ಲದು. ಒಣಸಿಪ್ಪೆ ವರ್ಷವಿಡೀ ಸಾರಿಗೆ ಒದಗುತ್ತದೆ. ಬೀಜದ ಕೊಬ್ಬನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ.

ಬಿಸಿಲ ದಾಹಕ್ಕೂ ಪಿತ್ತಕ್ಕೂ ಪಾನಕ ಕುಡಿಯುವುದು, ಪಿತ್ತಗಂದೆ ಎದ್ದಾಗ ಸಿಪ್ಪೆ ನೆನೆಸಿದ ನೀರನ್ನು ಮೈಗೆ ಹಚ್ಚುವುದು ಹಳೆಯ ಮನೆಮದ್ದು. ಸಿಪ್ಪೆಗೆ ಬಣ್ಣ ಕೊಡುವ ಆಂಥೋಸಯನಿನ್‌ಗಳು ಪಾಶ್ಚಾತ್ಯರ ಹುಳಿ ಚೆರ್ರಿಯಲ್ಲಿರುವ ವರ್ಣದ್ರವ್ಯಗಳ ಹತ್ತಿರದ ಬಂಧುಗಳು. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಗೌಟ್ ಎಂಬ ಕೀಲುರೋಗದ 633 ರೋಗಿಗಳನ್ನು ಗಮನಿಸಿ, ಚೆರ್ರಿ ತಿಂದ ಎರಡು ದಿನಗಳಲ್ಲಿ ಗೌಟ್ ನೋವು ಮರುಕಳಿಸುವ ಸಂಭವ ಶೇ. 35ರಷ್ಟು ಕಡಿಮೆಯೆಂದು ಕಂಡಿತು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಲಂಡನ್ ಮ್ಯಾರಥಾನ್ ಓಟಗಾರರ ಸಣ್ಣ ಗುಂಪೊಂದರಲ್ಲಿ ಚೆರ್ರಿ ರಸ ಕುಡಿದವರ ಸ್ನಾಯುಬಲ ಬೇಗ ಮರಳಿತು. ಬಣ್ಣದ ನಂಟಿದೆಯೆಂದು ಈ ಫಲಿತಾಂಶಗಳನ್ನು ಮುರುಗಲಿಗೆ ಆರೋಪಿಸುವುದು ತಪ್ಪು. ಮುರುಗಲಿನಲ್ಲಿರುವ ಗಾರ್ಸಿನಾಲ್ ಎಂಬ ಸಂಯುಕ್ತದ ಕುರಿತ ಭರವಸೆಯ ಫಲಿತಾಂಶಗಳು ಬಹುಪಾಲು ಪ್ರಯೋಗಾಲಯದ ಜೀವಕೋಶಗಳಿಂದ, ಪ್ರಾಣಿಗಳಿಂದ ಬಂದವು.

ತೂಕ ಇಳಿಸುತ್ತದೆಂಬ ಪ್ರಚಾರಕ್ಕೆ ಆಧಾರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಇದೇ ಆಮ್ಲವುಳ್ಳ, ಮುರುಗಲಿನ ಬಂಧುವಾದ ಉಪ್ಪಾಗೆಯ ಸಾರವನ್ನು 135 ಜನರಲ್ಲಿ 12 ವಾರ ಪರೀಕ್ಷಿಸಿದ 1998ರ ಅಮೆರಿಕದ ಪ್ರಯೋಗದಲ್ಲಿ ಹುಸಿ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಉಪ್ಪಾಗೆಯ ಸಾಂದ್ರ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ; ಮನೆಯ ಪಾನಕವನ್ನು ಆ ಮಾತ್ರೆಗಳ ಸಾಲಿಗೆ ಸೇರಿಸಬೇಕಿಲ್ಲ.

ಪಾನಕದಲ್ಲಿ ಎಚ್ಚರ ಬೇಕಾದದ್ದು ಸಕ್ಕರೆಯ ಬಗ್ಗೆ. ಅಂಗಡಿಯ ಸಿರಪ್ಪಿನಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚಿರುವುದುಂಟು. ಮಧುಮೇಹಿಗಳಿಗೆ ಒಣಸಿಪ್ಪೆಯನ್ನು ನೀರಲ್ಲಿ ನೆನೆಸಿ, ಕಿವುಚಿ, ಉಪ್ಪು ಜೀರಿಗೆ ಮಾತ್ರ ಹಾಕಿದ ಪಾನಕವೇ ಮೇಲು.