ಮಾಷ್ಟ್ರೊಬ್ಬರ ಗಂಟೆಯಿಂದ ಹುಟ್ಟಿದ ಥರ್ಮೋಸ್ಟಾಟ್

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಥರ್ಮೋಸ್ಟಾಟ್ ಎಂಬ ಪಾಠ ಬಂದರೆ ನಾವು ಮನೆಯಿಂದ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಹೋಗುತ್ತಿದ್ದೆವು. ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಬಿಸಿ ಮಾಡಿದರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ, ಸಂಪರ್ಕ ತಪ್ಪುತ್ತದೆ, ಪೆಟ್ಟಿಗೆ ತಾನಾಗಿ ಆರುತ್ತದೆ. ಅಲ್ಲಿಗೆ ಪಾಠ ಮುಗಿಯಿತು. ಮನೆಯನ್ನೇ ಬಿಸಿ ಮಾಡಲೂ ಇದೇ ತತ್ವ ಬಳಸುತ್ತಾರೆ ಎಂಬ ಸಾಲನ್ನು ಓದಿ ಹೇಳಿ ಮುಂದೆ ಹೋಗುವುದು. ನಮ್ಮ ಕಾಸರಗೋಡಿನಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ತಿರುಗಬೇಕು, ಇನ್ನು ಮನೆಯನ್ನು ಬಿಸಿ ಮಾಡುವುದು ಯಾರಿಗೆ ಬೇಕು ಮಾರಾಯ್ರೆ!

ನಿವೃತ್ತಿಯ ನಂತರ ಆ ಬಿಟ್ಟ ಸಾಲಿನ ಪಾಠ ನಮಗೇ ಆಯಿತು. 2025ರ ಜನವರಿಯಲ್ಲಿ ನಾವು ಗಂಡ ಹೆಂಡತಿ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಮಗನ ಮನೆಯಲ್ಲಿದ್ದೆವು. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಒಳಗೆ ಅಂಗಿ ಪಂಚೆಯಲ್ಲಿ ಕೂರಬಹುದಾದ ಹವೆ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದದ್ದು ಗೋಡೆಯ ಮೇಲೆ ಅಂಗೈ ಅಗಲದ ಒಂದು ಗುಂಡು ಪೆಟ್ಟಿಗೆ. ಸ್ಮಾರ್ಟ್ ಥರ್ಮೋಸ್ಟಾಟ್. ಮನೆಯವರು ಯಾವಾಗ ಏಳುತ್ತಾರೆ, ಯಾವಾಗ ಹೊರಗೆ ಹೋಗುತ್ತಾರೆ ಎಂಬುದನ್ನೆಲ್ಲ ತಾನೇ ನೋಡಿ ಕಲಿತುಕೊಳ್ಳುತ್ತದಂತೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಒಳಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಅಲ್ಲಾಡದೆ ಕುಳಿತರೆ, ಮನೆಯಲ್ಲಿ ಯಾರೂ ಇಲ್ಲವೆಂದು ಅದು ತೀರ್ಮಾನಿಸಿ ಬಿಸಿ ಇಳಿಸಿಬಿಡುತ್ತಿತ್ತು! ಕಾಲು ತಣ್ಣಗಾದಾಗಲೇ ನಮಗೆ ಗೊತ್ತಾಗುವುದು. ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರು ಎದ್ದು ಹೋಗಿ ಪೆಟ್ಟಿಗೆಯ ಎದುರು ನಡೆದು ಹಾಜರಿ ಹಾಕಿ ಬರುವುದು. ಮೂವತ್ತು ವರ್ಷ ಮಕ್ಕಳ ಹಾಜರಿ ಕರೆದವರಿಗೆ ಇದು ತಕ್ಕ ಶಾಸ್ತಿ.

ಈ ಪೆಟ್ಟಿಗೆಯ ಪೂರ್ವಜರು ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕವರೆಲ್ಲ ಸ್ವಾರಸ್ಯದ ಜನ. ಮೊದಲಿಗ ಕಾರ್ನೆಲಿಸ್ ಡ್ರೆಬ್ಬೆಲ್. 1572ರಲ್ಲಿ ಹಾಲೆಂಡಿನ ಆಲ್ಕ್‌ಮಾರ್‌ನಲ್ಲಿ ಹುಟ್ಟಿ ಇಂಗ್ಲೆಂಡಿನ ಮೊದಲನೇ ಜೇಮ್ಸ್ ದೊರೆಯ ಆಶ್ರಯದಲ್ಲಿದ್ದವನು. ಥೇಮ್ಸ್ ನದಿಯಲ್ಲಿ ನೀರಿನೊಳಗೆ ದೋಣಿ ನಡೆಸಿದವನೂ ಇವನೇ. ಮೊಟ್ಟೆ ಮರಿ ಮಾಡಲು ಒಂದೇ ಹದದ ಬಿಸಿ ಬೇಕಲ್ಲ, ಅದಕ್ಕಾಗಿ ಅವನೊಂದು ಒಲೆ ಕಟ್ಟಿದ. ಒಳಗೆ ಆಲ್ಕೋಹಾಲು ಮತ್ತು ಪಾದರಸವಿದ್ದ ಕೊಳವೆ. ಬಿಸಿ ಏರಿದರೆ ಆಲ್ಕೋಹಾಲು ಹಿಗ್ಗಿ ಪಾದರಸವನ್ನು ತಳ್ಳುತ್ತದೆ, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ಒಲೆಗೆ ಗಾಳಿ ಹೋಗುವ ದಾರಿಯನ್ನು ಮುಚ್ಚುತ್ತದೆ. ಬೆಂಕಿ ತಗ್ಗುತ್ತದೆ. ತಣಿದರೆ ದಾರಿ ಮತ್ತೆ ತೆರೆಯುತ್ತದೆ. ಒಲೆಯ ಹತ್ತಿರ ಕಾಯುವ ಮನುಷ್ಯ ಬೇಡ! ನಾಲ್ಕು ನೂರು ವರ್ಷಗಳ ಹಿಂದೆ ಕೋಳಿಮರಿಗಾಗಿ ಮಾಡಿದ ಈ ಯುಕ್ತಿಯಲ್ಲೇ ಇಡೀ ವಿಷಯ ಬಂದುಹೋಯಿತು. ಆಮೇಲಿನದೆಲ್ಲ ವಿಸ್ತಾರ ಅಷ್ಟೆ. ಎರಡು ಲೋಹದ ಪಟ್ಟಿಯನ್ನು 18ನೇ ಶತಮಾನದಲ್ಲಿ ಹಡಗಿನ ಗಡಿಯಾರಕ್ಕಾಗಿ ಬಳಸಿದವನು ಜಾನ್ ಹ್ಯಾರಿಸನ್. ಥರ್ಮೋಸ್ಟಾಟ್ ಎಂಬ ಹೆಸರಿಟ್ಟು 1830ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಆಂಡ್ರೂ ಯೂರ್.

ಆದರೆ ಅದನ್ನು ಕೋಣೆಯ ಗೋಡೆಗೆ ತಂದವರಲ್ಲಿ ಮುಖ್ಯನಾದವನು ನಮ್ಮ ವೃತ್ತಿಯವನು, ಒಬ್ಬ ಮಾಷ್ಟ್ರು. ಇದು ಗೊತ್ತಾದಾಗ ನಮಗಾದ ಖುಷಿ ಅಷ್ಟಿಷ್ಟಲ್ಲ. ಹೆಸರು ವಾರೆನ್ ಜಾನ್ಸನ್, ಹುಟ್ಟಿದ್ದು 1847ರಲ್ಲಿ. ನಾವಿದ್ದ ಮಿನ್ನೆಸೋಟದ ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವೈಟ್‌ವಾಟರ್ ಎಂಬ ಊರು ಉಂಟು. ಅಲ್ಲಿನ ನಾರ್ಮಲ್ ಸ್ಕೂಲಿನಲ್ಲಿ, ಅಂದರೆ ಶಿಕ್ಷಕರ ತರಬೇತಿ ಶಾಲೆಯಲ್ಲಿ ಅವನು ಪಾಠ ಮಾಡುತ್ತಿದ್ದ. ಶಾಲೆಯ ಒಲೆ ಇರುವುದು ನೆಲಮಾಳಿಗೆಯಲ್ಲಿ. ಮೇಲಿನ ಯಾವ ಕ್ಲಾಸಿನಲ್ಲಿ ಚಳಿ, ಯಾವ ಕ್ಲಾಸಿನಲ್ಲಿ ಸೆಕೆ ಎಂದು ಕೆಳಗಿರುವ ಜವಾನನಿಗೆ ಹೇಗೆ ಗೊತ್ತಾಗಬೇಕು? ಅವನು ಆಗಾಗ ಪಾಠದ ನಡುವೆ ಬಾಗಿಲು ತೆಗೆದು ಒಳಗೆ ಬಂದು, ಥರ್ಮಾಮೀಟರು ನೋಡಿ, ಮತ್ತೆ ಕೆಳಗಿಳಿದು ಒಲೆಯ ಗಾಳಿ ಸರಿಮಾಡಬೇಕಿತ್ತು. ಮಕ್ಕಳ ಕಣ್ಣೆಲ್ಲ ಬಾಗಿಲ ಕಡೆ! ಪಾಠದ ಮಧ್ಯೆ ಸುತ್ತೋಲೆ ಪುಸ್ತಕ ಬಂದರೆ ತರಗತಿ ಏನಾಗುತ್ತದೆ ಎಂದು ಬಲ್ಲ ಯಾವ ಅಧ್ಯಾಪಕರಿಗೂ ಜಾನ್ಸನ್ನನ ಸಂಕಟ ಅರ್ಥವಾಗುತ್ತದೆ.

ಅವನು ಮಾಡಿದ ಉಪಾಯ ಇದು. ಕ್ಲಾಸಿನಲ್ಲೊಂದು ಉಷ್ಣದ ಪಟ್ಟಿ, ಅಲ್ಲಿಂದ ನೆಲಮಾಳಿಗೆಗೆ ತಂತಿ, ತಂತಿಯ ಕೊನೆಗೊಂದು ವಿದ್ಯುತ್ ಗಂಟೆ. ಗಂಟೆ ಬಾರಿಸಿತೆಂದರೆ ಕೋಣೆಯ ಹದ ತಪ್ಪಿದೆ ಎಂದು ಜವಾನನಿಗೆ ತಿಳಿಯಿತು. ಮೇಲೆ ಬರಬೇಕಾಗಿಲ್ಲ. 1883ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. 1885ರಲ್ಲಿ ಅವನು ಮಿಲ್ವಾಕಿಯಲ್ಲಿ ಕಂಪನಿಯನ್ನೇ ತೆರೆದ. ಇಂದಿನ ಜಾನ್ಸನ್ ಕಂಟ್ರೋಲ್ಸ್ ಅದೇ. ಅಷ್ಟಕ್ಕೂ ಮಾಷ್ಟ್ರು ಸುಮ್ಮನೆ ಕೂರುವ ಜೀವವಲ್ಲ, ಗೋಪುರ ಗಡಿಯಾರ, ಆವಿಯ ಬಂಡಿ ಎಂದೆಲ್ಲ 1911ರಲ್ಲಿ ತೀರಿಕೊಳ್ಳುವವರೆಗೂ ಕೈಯಾಡಿಸಿದ.

ಇಲ್ಲೊಂದು ಮಾತು ಗಮನಿಸಬೇಕು. ಜಾನ್ಸನ್ನನ ಗಂಟೆ ಬಿಸಿ ಏರಿಸುತ್ತಿರಲಿಲ್ಲ, ಇಳಿಸುತ್ತಲೂ ಇರಲಿಲ್ಲ. ಸುದ್ದಿ ಮುಟ್ಟಿಸುತ್ತಿತ್ತು, ಮಾಡುವ ಕೈ ಜವಾನನದೇ. ಆ ಕೈಯನ್ನೂ ತೆಗೆದುಹಾಕಿದವನು ಆಲ್ಬರ್ಟ್ ಬುಟ್ಸ್. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಅವನು ಇದನ್ನು ಮಾಡಿದ್ದು 1885ರಲ್ಲಿ, ನಾವಿದ್ದ ಮಿನ್ನಿಯಾಪೊಲಿಸ್‌ನಲ್ಲೇ. ಕೋಣೆ ತಣಿದರೆ ಸಣ್ಣದೊಂದು ಮೋಟರು ತಿರುಗಿ, ಸರಪಳಿ ಎಳೆದು, ಕಲ್ಲಿದ್ದಲ ಒಲೆಯ ಗಾಳಿಬಾಗಿಲನ್ನು ಎತ್ತುತ್ತಿತ್ತು. ಬುಟ್ಸ್‌ಗೆ ಇದರಿಂದ ಹೆಚ್ಚಿನ ಲಾಭ ಆಗಲಿಲ್ಲ, ಕೆಲವೇ ವರ್ಷಗಳಲ್ಲಿ ಹಕ್ಕು ಬೇರೆಯವರ ಕೈ ಸೇರಿತು. ಅದರಿಂದ ಬೆಳೆದ ಕಂಪನಿ 1927ರಲ್ಲಿ ಮಾರ್ಕ್ ಹನಿವೆಲ್‌ನ ಕಂಪನಿಯ ಜತೆ ಒಂದಾಯಿತು. 1953ರಲ್ಲಿ ಹನಿವೆಲ್ ತಂದ ಗುಂಡಗಿನ ಥರ್ಮೋಸ್ಟಾಟ್, ಹೆನ್ರಿ ಡ್ರೈಫಸ್ ವಿನ್ಯಾಸ ಮಾಡಿದ್ದು, ಅಮೆರಿಕದ ಮನೆಮನೆಯ ಗೋಡೆಯಲ್ಲಿ ಕೂತಿತು. ಒಳಗೆ ಅದೇ ಎರಡು ಲೋಹದ ಸುರುಳಿ, ಅದರ ತುದಿಗೆ ಗಾಜಿನ ಗುಳ್ಳೆಯಲ್ಲಿ ಒಂದು ಹನಿ ಪಾದರಸ. ಬೇಕಾದಷ್ಟಕ್ಕೆ ತಿರುಗಿಸಿ ಬಿಟ್ಟರಾಯಿತು, ಮನೆಯವರು ಹೇಳಿದ್ದೇ ಅದಕ್ಕೆ ಕಡೆಯ ಮಾತು.

ಮನೆಯವರಿಗೆ ಹೊರಗಿನಿಂದ ಮಾತು ಬಂದದ್ದು 1977ರಲ್ಲಿ. ಆ ಚಳಿಗಾಲದಲ್ಲಿ ಅನಿಲದ ಕೊರತೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಫೆಬ್ರವರಿ 2ರಂದು ಸ್ವೆಟರು ಹಾಕಿಕೊಂಡು ಟಿವಿಯಲ್ಲಿ ಕಾಣಿಸಿಕೊಂಡು, ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿಡಿ ಎಂದು ಕೇಳಿಕೊಂಡರು. ನಮ್ಮ ಲೆಕ್ಕದಲ್ಲಿ 18 ಮತ್ತು 13. ಕೇಳಿಕೊಂಡರು ಅಷ್ಟೆ; ಡಯಲ್ ತಿರುಗಿಸುವುದು ಬಿಡುವುದು ಜನರಿಗೆ ಬಿಟ್ಟದ್ದು. 1979ರಲ್ಲಿ ಕಚೇರಿ ಅಂಗಡಿಗಳಿಗೆ ಮಾತ್ರ ಕಾನೂನು ಬಂತು, 1981ರಲ್ಲಿ ರೇಗನ್ ಅದನ್ನು ತೆಗೆದರು. ಮುಂದೆ, ಸಮಯ ತುಂಬಿಸಿ ಇಡಬಹುದಾದ ಥರ್ಮೋಸ್ಟಾಟ್‌ಗಳಿಗೆ 1995ರಿಂದ ಸರಕಾರದ ಎನರ್ಜಿ ಸ್ಟಾರ್ ಮುದ್ರೆ ಸಿಗತೊಡಗಿತು. ಆದರೆ ಆ ಗುಂಡಿಗಳನ್ನು ಒತ್ತಿ ಸಮಯ ತುಂಬಿಸುವ ತಾಳ್ಮೆ ಬಹಳ ಜನರಿಗಿರಲಿಲ್ಲ. 2009ರ ಕೊನೆಗೆ ಆ ಮುದ್ರೆಯನ್ನೇ ಹಿಂತೆಗೆದರು.

ಜನ ತುಂಬಿಸದಿದ್ದರೆ ಯಂತ್ರವೇ ಕಲಿಯಲಿ ಎಂದು ಹೊರಟವರು ಐಪಾಡ್ ತಂಡದಲ್ಲಿದ್ದ ಟೋನಿ ಫಾಡೆಲ್. ಅವರ ನೆಸ್ಟ್ 2011ರಲ್ಲಿ ಬಂತು. 2014ರಲ್ಲಿ ಗೂಗಲ್ 320 ಕೋಟಿ ಡಾಲರಿಗೆ ಆ ಕಂಪನಿಯನ್ನು ಕೊಂಡುಕೊಂಡಿತು. ಗೋಡೆಯ ಪೆಟ್ಟಿಗೆಗೆ ಅಷ್ಟು ದುಡ್ಡೆ ಎಂದು ನಾವು ಕೇಳಿದ್ದಕ್ಕೆ, ದುಡ್ಡು ಪೆಟ್ಟಿಗೆಗಲ್ಲ, ಮನೆಯೊಳಗೆ ಹೋಗುವ ಬಾಗಿಲಿಗೆ ಎಂದ ನಮ್ಮ ಮಗ.

ಬಾಗಿಲು ತೆರೆದ ಮೇಲೆ ಹೊರಗಿನವರ ಕೈಯೂ ಒಳಗೆ ಬಂತು. 2022ರ ಆಗಸ್ಟ್ ಕೊನೆಯಲ್ಲಿ ಕೊಲೊರಾಡೋದಲ್ಲಿ ಕಡು ಸೆಕೆ. ವಿದ್ಯುತ್ ಕಂಪನಿ ಸುಮಾರು 22,000 ಮನೆಗಳ ಥರ್ಮೋಸ್ಟಾಟ್‌ಗಳನ್ನು ಕೆಲವು ಗಂಟೆ ತನ್ನ ವಶಕ್ಕೆ ತೆಗೆದುಕೊಂಡಿತು. ಎಸಿ ತಗ್ಗಿಸಲು ಹೋದವರಿಗೆ ಪೆಟ್ಟಿಗೆ ಒಪ್ಪಲೇ ಇಲ್ಲ. ಅವರೆಲ್ಲ ಸೇರುವಾಗ 100 ಡಾಲರ್, ಆಮೇಲೆ ವರ್ಷಕ್ಕೆ 25 ಡಾಲರ್ ರಿಯಾಯಿತಿ ಪಡೆದು ಒಪ್ಪಿದ್ದವರೇ. ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮಗೆ ಇದರಲ್ಲಿ ಕಂಪನಿಯನ್ನು ಪೂರ್ತಿ ಬೈಯಲು ಮನಸ್ಸಿಲ್ಲ. ಇಡೀ ಊರು ಕತ್ತಲಾಗುವುದಕ್ಕಿಂತ ಎಲ್ಲರಿಗೂ ಒಂದಷ್ಟು ಸೆಕೆಯಾಗುವುದು ವಾಸಿ. ಆದರೆ ಜನ ಸಿಟ್ಟಾದದ್ದು ಸೆಕೆಗಲ್ಲ, ತಮ್ಮ ಗೋಡೆಯ ಡಯಲ್ ತಮ್ಮ ಮಾತು ಕೇಳದ್ದಕ್ಕೆ. ಅದೂ ನಮಗೆ ಅರ್ಥವಾಗುತ್ತದೆ. ನಮ್ಮಲ್ಲಿಯೂ 2020ರ ಜನವರಿಯಿಂದ ಸ್ಟಾರ್ ಮುದ್ರೆಯ ಎಸಿಗಳು ಆನ್ ಮಾಡಿದೊಡನೆ 24 ಡಿಗ್ರಿಯಲ್ಲಿರಬೇಕೆಂಬ ನಿಯಮ ಬಂದಿದೆ. ಆದರೆ ರಿಮೋಟ್ ನಮ್ಮ ಕೈಯಲ್ಲಿ ಉಂಟು, ಬದಲಾಯಿಸಬಹುದು.

ಇನ್ನೊಂದು ಸಂಗತಿ. 2025ರ ಅಕ್ಟೋಬರ್ 25ರಂದು 2011 ಮತ್ತು 2012ರ ನೆಸ್ಟ್ ಮಾದರಿಗಳಿಗೆ ಗೂಗಲ್ ಬೆಂಬಲ ನಿಲ್ಲಿಸಿತು. ಅವು ಕೆಟ್ಟಿರಲಿಲ್ಲ. ಫೋನಿನ ಸಂಪರ್ಕ ಕಡಿದುಹೋಗಿ, ಗೋಡೆಯ ಹತ್ತಿರ ಹೋಗಿ ಕೈಯಿಂದ ತಿರುಗಿಸುವ ಥರ್ಮೋಸ್ಟಾಟ್‌ಗಳಾದವು. 1953ಕ್ಕೆ ವಾಪಸ್!

ನಾವು ಮಾರ್ಚಿನಲ್ಲಿ ಊರಿಗೆ ಬಂದೆವು. ಅಲ್ಲಿದ್ದಷ್ಟು ದಿನವೂ ಬೆಳಗ್ಗೆ ನಾಲ್ಕೂವರೆಗೆ ಎದ್ದು ಕಾಫಿ ಮಾಡುವುದು ನಮ್ಮ ರೂಢಿ. ಪೆಟ್ಟಿಗೆ ಅದನ್ನೂ ಕಲಿತಿತ್ತು. ಬಂದ ವಾರದಲ್ಲಿ ಮಗ ಫೋನ್ ಮಾಡಿದಾಗ ಹೇಳಿದ: ಇನ್ನೂ ದಿನಾ ನಾಲ್ಕೂವರೆಗೆ ಮನೆ ಬಿಸಿಯಾಗುತ್ತಿದೆ ಅಪ್ಪ, ಎದ್ದವರು ಯಾರೂ ಇಲ್ಲ.